ಪುಟ್ಟ ಮಕ್ಕಳು ಹೇಗೆ ಕಲಿಯುತ್ತಾರೆ? ಬೆಂಗಳೂರಿನ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೂಲ್ ಗೇಟಿನ ಹತ್ತಿರ, ಪಾರ್ಕಿನ ಬೆಂಚಿನ ಮೇಲೆ, ರಾತ್ರಿ ಹತ್ತರ ಮೇಲೆ ಬರುವ ವಾಟ್ಸಾಪ್ ಮೆಸೇಜಿನಲ್ಲಿ, ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಯವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪುಟ್ಟ ಮಕ್ಕಳ ಟೀಚರ್ ಆಗಿ ಕಂಡದ್ದು, ಓದಿ ತಿಳಿದದ್ದು ಎರಡನ್ನೂ ಸೇರಿಸಿ ಉತ್ತರ ಬರೆದಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ಬರುವ ಪ್ರಶ್ನೆಗಳು

ನನ್ನ ಮಗ ನೋಡಿ ಕಲಿಯೋನಾ, ಕೇಳಿ ಕಲಿಯೋನಾ, ಮಾಡಿ ಕಲಿಯೋನಾ? ಹೇಗೆ ಕಂಡುಹಿಡಿಯೋದು?

ಮೂರೂ ಹೌದು. ಅವನು ಏನು ಕಲಿಯುತ್ತಿದ್ದಾನೆ ಅನ್ನುವುದನ್ನು ಮೊದಲು ನೋಡಿ. ಹಾಡನ್ನು ಕೇಳಿಯೇ ಕಲಿಯಬೇಕು. ಹೊಂಗೆ ಎಲೆಗೂ ಮಾವಿನ ಎಲೆಗೂ ಇರುವ ವ್ಯತ್ಯಾಸ ನೋಡಿ, ಮುಟ್ಟಿ ತಿಳಿಯಬೇಕು. ಅಂಗಿಯ ಗುಂಡಿ ಹಾಕುವುದನ್ನು ಬಾಯಲ್ಲಿ ಎಷ್ಟು ಹೇಳಿದರೂ ಬರುವುದಿಲ್ಲ, ಬೆರಳು ಅದನ್ನು ಮಾಡಿಯೇ ಕಲಿಯಬೇಕು.

ಪುಟ್ಟ ಮಕ್ಕಳಿಗೆ ಕಣ್ಣು, ಕಿವಿ, ಕೈ, ಮೂಗು ಎಲ್ಲವೂ ಒಟ್ಟಿಗೆ ಸೇರಿದಾಗ ವಿಷಯ ಚೆನ್ನಾಗಿ ಕೂರುತ್ತದೆ. ನಿಂಬೆಹಣ್ಣು ಏನು ಅಂತ ಗೊತ್ತಾಗಲು ಮಗು ಅದರ ಬಣ್ಣ ನೋಡಬೇಕು, ಮೂಸಬೇಕು, ಹಿಂಡಬೇಕು, ನಾಲಿಗೆಗೆ ಇಟ್ಟು ಮುಖ ಕಿವುಚಬೇಕು. ಆ ಹೊತ್ತಿಗೆ ಪಕ್ಕದಲ್ಲಿ ಒಬ್ಬರು "ಹುಳಿ ಅಲ್ವಾ?" ಅನ್ನಬೇಕು. ಆ ಕೊನೆಯ ಮಾತನ್ನು ಬಿಡಬೇಡಿ. ಅನುಭವಕ್ಕೆ ಮಾತು ಅಂಟಿಕೊಳ್ಳುವುದು ಅಲ್ಲೇ.

ಪ್ರೀ-ಸ್ಕೂಲ್‌ನಲ್ಲಿ ಟೆಸ್ಟ್ ಮಾಡಿ 'ವಿಶುವಲ್ ಲರ್ನರ್' ಅಂತ ಬರೆದುಕೊಟ್ಟಿದ್ದಾರೆ. ನಂಬಬಹುದಾ?

ಬೇಡ. ನೋಡಿ, ಕೇಳಿ, ಓದಿ-ಬರೆದು, ಮಾಡಿ ಕಲಿಯುವವರು ಎಂಬ ನಾಲ್ಕು ಗುಂಪಿನ ಪ್ರಶ್ನಾವಳಿಯನ್ನು ರೂಪಿಸಿದವರು ನ್ಯೂಜಿಲೆಂಡ್‌ನ ನೀಲ್ ಫ್ಲೆಮಿಂಗ್. ಅದರ ಬಗ್ಗೆ ಲೇಖನ ಬಂದದ್ದು 1992ರಲ್ಲಿ. ಅವರ ಮುಂದೆ ಇದ್ದವರು ಕಾಲೇಜು ಓದುವವರು, ಡಯಾಪರ್ ಬಿಟ್ಟು ಆರು ತಿಂಗಳಾದ ಮಕ್ಕಳಲ್ಲ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನೋವಿಜ್ಞಾನಿಗಳು ಈ ವಿಷಯದ ಅಧ್ಯಯನಗಳನ್ನೆಲ್ಲ ತೂಗಿ ನೋಡಿದರು. ಮಗುವಿನ 'ಶೈಲಿ'ಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಸಾಕಷ್ಟು ಪುರಾವೆ ಅವರಿಗೆ ಸಿಗಲಿಲ್ಲ.

ಅಮೆರಿಕದ ಮನೋವಿಜ್ಞಾನಿ ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಮುಂದಿಟ್ಟ ಬಹುಬುದ್ಧಿಯ ವಾದವನ್ನೂ, ಅಂದರೆ ಬುದ್ಧಿ ಒಂದೇ ಅಲ್ಲ, ಹಲವು ಬಗೆಯದು ಅನ್ನುವುದನ್ನೂ ಇದರ ಜೊತೆ ಕಲಸಿಬಿಡುತ್ತಾರೆ. ತಾನು ಹೇಳಿದ್ದು ಕಲಿಕೆಯ ಶೈಲಿಯಲ್ಲ ಅಂತ ಗಾರ್ಡ್ನರ್ ಅವರೇ ಸ್ಪಷ್ಟಪಡಿಸಿದ್ದಾರೆ.

ಲೇಬಲ್ ಹಚ್ಚಿದರೆ ಏನು ತೊಂದರೆ ಅಂತ ಕೇಳುವವರಿದ್ದಾರೆ. "ಅವನು ವಿಶುವಲ್, ಬಾಯಲ್ಲಿ ಕಥೆ ಹೇಳಿದರೆ ತಲೆಗೆ ಹೋಗಲ್ಲ" ಅಂತ ಅಜ್ಜಿಯ ಕಥೆಯನ್ನೇ ನಿಲ್ಲಿಸಿದ ಮನೆ ನಾನು ನೋಡಿದ್ದೇನೆ. ಕೇಳಿ ಕಲಿಯುವ ಅಭ್ಯಾಸ ಕಡಿಮೆ ಇರುವ ಮಗುವಿಗೆ ಕಥೆ ಜಾಸ್ತಿ ಬೇಕು. ಕಡಿಮೆ ಅಲ್ಲ.

ಬೆರಳಚ್ಚು ತಗೊಂಡು ಮಗುವಿನ ಬುದ್ಧಿ, ಕಲಿಯೋ ರೀತಿ ಎಲ್ಲಾ ಹೇಳ್ತಾರಂತೆ. ಮಾಡಿಸೋದಾ?

ದುಡ್ಡು ಉಳಿಸಿ. 'ಡಿಎಂಐಟಿ' ಹೆಸರಿನಲ್ಲಿ ಮಾಲ್‌ಗಳಲ್ಲಿ, ಅಪಾರ್ಟ್‌ಮೆಂಟ್ ಕ್ಯಾಂಪ್‌ಗಳಲ್ಲಿ ಇದನ್ನು ಮಾರುತ್ತಾರೆ. ಬೆರಳ ತುದಿಯ ಗೆರೆಗಳು ಮಗು ಹೊಟ್ಟೆಯಲ್ಲಿರುವಾಗಲೇ ಮೂಡಿ ಮುಗಿದಿರುತ್ತವೆ. ಮಗು ಕಥೆ ಕೇಳಿ ಕಲಿಯುತ್ತದೋ ಚಿತ್ರ ನೋಡಿಯೋ ಅಂತ ಅವು ಹೇಳಲಾರವು. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಭಾರತೀಯ ಮನೋವೈದ್ಯರ ಸಂಘವೂ ಹೇಳಿದೆ.

ಹಾಗಾದ್ರೆ ಮಕ್ಕಳಲ್ಲಿ ವ್ಯತ್ಯಾಸವೇ ಇಲ್ವಾ? ನನ್ನ ಇಬ್ಬರು ಮಕ್ಕಳು ಒಂದೇ ಥರ ಇಲ್ಲವಲ್ಲ?

ವ್ಯತ್ಯಾಸ ತುಂಬಾ ಇದೆ. ಆದರೆ ಅದು ಕಣ್ಣು-ಕಿವಿಯ ಲೆಕ್ಕದಲ್ಲಿ ಇಲ್ಲ. ಮಗುವಿನ ಸ್ವಭಾವ, ವೇಗ, ಇಷ್ಟ, ಈಗಾಗಲೇ ಗೊತ್ತಿರುವ ವಿಷಯ, ಕಿವಿಗೆ ಬಿದ್ದಿರುವ ಭಾಷೆ, ಇವುಗಳಲ್ಲಿ ಇದೆ.

ಸ್ವಭಾವದ್ದೇ ಒಂದು ಉದಾಹರಣೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಜೂನ್ ಪೂರ್ತಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದಳು. ಹಾಡಿಗೆ ಬಾಯಿ ಬಿಡುತ್ತಿರಲಿಲ್ಲ, ಕೈ ತಟ್ಟುತ್ತಿರಲಿಲ್ಲ. ಕಣ್ಣು ಮಾತ್ರ ಪ್ರತಿ ಮಗುವಿನ ಮೇಲೂ ಹರಿಯುತ್ತಿತ್ತು. "ಏನೂ ಕಲೀತಿಲ್ಲ ಅನ್ಸತ್ತೆ ಮೇಡಂ" ಅಂತ ಅವಳ ಅಮ್ಮನಿಗೆ ಚಿಂತೆ. ಒಂದು ಭಾನುವಾರ ಆ ಮಗು ಮನೆಯಲ್ಲಿ ದಿಂಬುಗಳನ್ನು ಸಾಲಾಗಿ ಕೂರಿಸಿ, ತಾನೇ ಟೀಚರ್ ಆಗಿ, ಎಲ್ಲ ಹಾಡನ್ನೂ ಅಭಿನಯದ ಸಮೇತ ಹಾಡಿದೆ. ನಾನು ಹೇಗೆ ಸೊಂಟಕ್ಕೆ ಕೈ ಇಟ್ಟುಕೊಳ್ಳುತ್ತೇನೆ ಅನ್ನುವುದೂ ಅದರಲ್ಲಿತ್ತು. ಕೆಲವು ಮಕ್ಕಳು ಮೊದಲು ದೂರದಿಂದ ಗಮನಿಸುತ್ತಾರೆ, ಆಮೇಲೆ ಇಳಿಯುತ್ತಾರೆ. ಇನ್ನು ಕೆಲವರು ಮೊದಲು ಧುಮುಕಿ ಬಿದ್ದು, ಆಮೇಲೆ ನೋಡುತ್ತಾರೆ. ಇಬ್ಬರೂ ಕಲಿಯುತ್ತಾರೆ. ಮೊದಲ ಥರದ ಮಗುವನ್ನು ಎಳೆದು ಮಧ್ಯಕ್ಕೆ ನಿಲ್ಲಿಸಿದರೆ ಕಲಿಕೆ ನಿಂತು ಭಯ ಶುರುವಾಗುತ್ತದೆ.

ಬರೀ ಆಟ ಆಡ್ತಾ ಇದ್ರೆ ಕಲಿಯೋದು ಯಾವಾಗ?

ಆಡುವಾಗಲೇ. ಅಳಗುಳಿ ಮಣೆಯನ್ನೇ ತೆಗೆದುಕೊಳ್ಳಿ. ಏಳೇಳರಂತೆ ಎರಡು ಸಾಲು, ಒಟ್ಟು 14 ಗುಳಿ, ಒಂದಷ್ಟು ಹುಣಸೆ ಬೀಜ. ನಾಲ್ಕು ವರ್ಷದ ಮಗುವಿಗೆ ಹಂಚಲು ಕೊಟ್ಟು ಕೈಯನ್ನೇ ನೋಡಿ. ಬಾಯಿ "ಒಂದು, ಎರಡು, ಮೂರು, ನಾಲ್ಕು" ಅಂತ ಓಡುತ್ತದೆ, ಕೈ ಇನ್ನೂ ಎರಡನೇ ಗುಳಿಯಲ್ಲೇ ಇರುತ್ತದೆ. ಒಂದು ಗುಳಿ ತಪ್ಪಿಹೋಗುತ್ತದೆ, ಇನ್ನೊಂದಕ್ಕೆ ಎರಡು ಬೀಜ ಬೀಳುತ್ತವೆ. ಹತ್ತರವರೆಗೆ ಬಾಯಿಪಾಠ ಬರುವ ಮಗುವಿಗೂ ಎಣಿಕೆ ಬಂದಿಲ್ಲ ಅಂತ ಅಲ್ಲಿ ಕಾಣುತ್ತದೆ. ಒಂದು ಹೆಸರಿಗೆ ಒಂದೇ ಬೀಜ ಅನ್ನುವುದು ಗಣಿತದ ಮೊದಲ ಮೆಟ್ಟಿಲು.

ಬುದ್ಧಿವಂತ ಅಜ್ಜಿಯರು ಇಲ್ಲಿ "ತಪ್ಪು" ಅನ್ನುವುದಿಲ್ಲ. ತಮ್ಮ ಸರದಿ ಬಂದಾಗ ಬೇಕೆಂದೇ ನಿಧಾನವಾಗಿ, ಒಂದೊಂದೇ ಬೀಜವನ್ನು ಟಕ್ ಟಕ್ ಅನ್ನಿಸುತ್ತಾ ಹಾಕುತ್ತಾರೆ. ಕೆಲವು ವಾರದಲ್ಲಿ ಮಗುವಿನ ಬಾಯಿಯೂ ಕೈಯೂ ಒಂದೇ ಲಯಕ್ಕೆ ಬರುತ್ತವೆ. ವರ್ಕ್‌ಶೀಟ್‌ನಲ್ಲಿ ಐದು ಸೇಬಿಗೆ ಗುಂಡು ಸುತ್ತುವುದರಿಂದ ಇಷ್ಟು ಸಿಗುವುದಿಲ್ಲ.

ಚೌಕಾಬಾರದಲ್ಲಿ ಕವಡೆ ಎಣಿಸುವುದು, ಮನೆ ದಾಟಿಸುವುದು, ಸರದಿ ಕಾಯುವುದು ಇದೆ. ಕುಂಟೆಬಿಲ್ಲೆಯಲ್ಲಿ ಸಮತೋಲನವೂ ಗುರಿಯೂ ಇದೆ. ಮೂರು ವರ್ಷದೊಳಗಿನ ಮಗು ಪಕ್ಕದಲ್ಲಿದ್ದರೆ ಬೀಜ, ಕವಡೆ ಎತ್ತಿಡಿ. ಬಾಯಿಗೋ ಮೂಗಿಗೋ ಹೋಗುವುದು ಒಂದು ಕ್ಷಣದ ಕೆಲಸ.

## ಮನೆಯಲ್ಲಿ, ದಿನದಿನ

ನಾವಿಬ್ಬರೂ ಕೆಲಸಕ್ಕೆ ಹೋಗ್ತೀವಿ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರೋಷ್ಟರಲ್ಲಿ ಏಳೂವರೆ. ಯಾವಾಗ ಕಲಿಸೋದು?

ಕಲಿಸಲು ಬೇರೆ ಸಮಯ ಬೇಡ. ಅಡುಗೆಮನೆಗೆ ಮಗುವನ್ನೂ ಕರೆದುಕೊಳ್ಳಿ. ಅವರೆಕಾಯಿ ಕಾಲದಲ್ಲಿ ಬೆಂಗಳೂರಿನ ಮನೆಗಳಲ್ಲಿ ಹೇಗೂ ಕಾಯಿ ಸುಲಿಯುವುದು ಇದ್ದೇ ಇರುತ್ತದೆ. ಸೊನೆ ಅಂಟಿದ ಕಾಯಿಯ ವಾಸನೆ, ಒಳಗೆ ಎಷ್ಟು ಕಾಳಿದೆ ಅನ್ನುವ ಊಹೆ, ಹುಳ ಕಂಡಾಗಿನ ಕಿರುಚಾಟ ಎಲ್ಲವೂ ಕಲಿಕೆ. ನೆನೆಸಿದ ಕಾಳನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಹಿತುಕಿದರೆ ಬೇಳೆ ಚಂಗನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನಾಳೆ ಪೆನ್ಸಿಲ್ ಹಿಡಿಯಬೇಕಾದ್ದೂ ಅವೇ ಬೆರಳು. ಹಿತಕಿದ ಬೇಳೆ ಸಾರಿಗೆ ತಾನೂ ಕೈ ಸೇರಿಸಿದೆ ಅನ್ನುವ ಹೆಮ್ಮೆ ಬೇರೆ.

ಬಟ್ಟೆ ಮಡಚುವಾಗ ಸಾಕ್ಸ್ ಜೋಡಿ ಹುಡುಕಲು ಕೊಡಿ. ಲಿಫ್ಟ್‌ನಲ್ಲಿ ನಂಬರ್ ಒತ್ತಲು ಬಿಡಿ. ಮಲಗುವ ಮುಂಚೆ ಒಂದು ಕಥೆ. ಇಷ್ಟನ್ನು ಮನಸ್ಸಿಟ್ಟು ಮಾಡಿದರೆ ಸಾಕು. ಏಳೂವರೆಗೆ ಬಂದ ತಪ್ಪಿಗೆ ಎಂಟು ಗಂಟೆಗೆ ಫ್ಲ್ಯಾಶ್‌ಕಾರ್ಡ್ ಹಿಡಿಯಬೇಡಿ. ನಿಮಗೂ ಸುಸ್ತು, ಮಗುವಿಗೂ ಸುಸ್ತು.

ಮನೇಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್, ಪಾರ್ಕಲ್ಲಿ ಹಿಂದಿ, ಅಜ್ಜಿ ತೆಲುಗು. ಮಗು ಗೊಂದಲ ಆಗಲ್ವಾ?

ಆಗುವುದಿಲ್ಲ. "ಅಮ್ಮಾ, ವಾಟರ್ ಕೊಡು" ಅಂದರೆ ಗೊಂದಲ ಅಂತ ಅಲ್ಲ. ಎರಡು ಭಾಷೆಯನ್ನು ಒಟ್ಟಿಗೆ ಕಲಿಯುವ ಮಕ್ಕಳೆಲ್ಲ ಹೀಗೆ ಬೆರೆಸುತ್ತಾರೆ, ಮುಂದೆ ತಾವೇ ಬೇರೆ ಮಾಡಿಕೊಳ್ಳುತ್ತಾರೆ. ಅಜ್ಜಿಯ ಹತ್ತಿರ ತೆಲುಗು, ವಾಚ್‌ಮನ್ ಹತ್ತಿರ ಹಿಂದಿ ಅಂತ ಮೂರು ವರ್ಷಕ್ಕೇ ತಿಳಿದಿರುತ್ತದೆ.

ನನಗೆ ಬೇಸರ ತರಿಸುವುದು ಇನ್ನೊಂದು. ಸ್ಕೂಲ್ ಸೀಟಿಗಾಗಿ ಮನೆಯಲ್ಲೂ ಮುರುಕು ಇಂಗ್ಲಿಷ್ ಶುರು ಮಾಡುತ್ತಾರೆ. "ಕಮ್, ಸಿಟ್, ಈಟ್" ಅಷ್ಟರಲ್ಲೇ ಮಾತು ಮುಗಿಯುತ್ತದೆ. ಕನ್ನಡದಲ್ಲಾದರೆ ಅದೇ ಅಮ್ಮ ಮಳೆ ಯಾಕೆ ಬರುತ್ತದೆ, ತಾತ ಯಾಕೆ ಕೋಪ ಮಾಡಿಕೊಂಡರು ಅಂತ ಹತ್ತು ನಿಮಿಷ ಮಾತಾಡುತ್ತಿದ್ದಳು. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಮಾತಾಡಿ. ಒಂದು ಭಾಷೆಯಲ್ಲಿ ಗಟ್ಟಿಯಾದ ಮಗು ಇನ್ನೊಂದನ್ನು ಸುಲಭವಾಗಿ ಹಿಡಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವ ಕಡೆ ಕನಿಷ್ಠ ಐದನೇ ತರಗತಿವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಸಬೇಕು ಅನ್ನುತ್ತದೆ.

ಮೊಬೈಲ್ ನೋಡಿಯೇ ಎಬಿಸಿಡಿ, ಬಣ್ಣ ಎಲ್ಲಾ ಕಲಿತಿದ್ದಾಳೆ. ಅದರಲ್ಲಿ ತಪ್ಪೇನಿದೆ?

ಹೆಸರುಗಳನ್ನು ಕಲಿತಿದ್ದಾಳೆ. ಮಾತುಕತೆ ಅಂದರೆ ಅವಳು ಏನೋ ಹೇಳಬೇಕು, ಎದುರಿನವರು ಅದಕ್ಕೆ ತಕ್ಕ ಉತ್ತರ ಕೊಡಬೇಕು. ವಿಡಿಯೋ ಅವಳ ಮಾತಿಗೆ ಕಾಯುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳು ಪರದೆಯಿಂದ ಕಲಿಯುವುದು ಎದುರಿಗಿರುವ ಮನುಷ್ಯರಿಂದ ಕಲಿಯುವುದಕ್ಕಿಂತ ಬಹಳ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ ಹೀಗಿದೆ: ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ. ದೂರದೂರಿನ ಅಜ್ಜಿ-ತಾತನ ಜೊತೆ ವಿಡಿಯೋ ಕಾಲ್ ಬೇರೆ ಮಾತು, ಅಲ್ಲಿ ಉತ್ತರ ಕೊಡುವವರಿದ್ದಾರೆ. ಫೋನ್ ಬೇಕೇ ಬೇಕು ಅಂದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತೆರೆಯಿರಿ. ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೀವೇ ಓದಿ.

ಎರಡು ನಿಮಿಷ ಒಂದು ಕಡೆ ಕೂರಲ್ಲ. ಇವನು ಹೇಗೆ ಕಲೀತಾನೆ?

ಕೂರದೆಯೇ ಕಲಿಯುತ್ತಾನೆ. ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಉಸಿರು ಬಿರುಸಾಗುವ ಆಟ ಇರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಎರಡು ರೂಮಿನ ಫ್ಲ್ಯಾಟಿನಲ್ಲಿ ಇಷ್ಟು ಸಿಗುವುದು ಕಷ್ಟ. ಲಾಲ್‌ಬಾಗಿನ ಬಂಡೆ ಹತ್ತಿಸಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು, ಮಗುವಿನ ಕಾಲಿಗೆ ಏರು-ಇಳಿಜಾರಿನ ಪಾಠ ಅಲ್ಲಿದೆ. ಕಬ್ಬನ್ ಪಾರ್ಕಿನ ಬಾಲಭವನಕ್ಕೂ ಹೋಗಿಬನ್ನಿ. ಚೆನ್ನಾಗಿ ಓಡಿ ಬಂದ ಮೇಲೆ ಕಥೆ ಹೇಳಿ ನೋಡಿ, ಎಷ್ಟು ಹೊತ್ತು ಕೂರುತ್ತಾನೆ ಅಂತ.

ಇವತ್ತು ಹೇಳಿಕೊಟ್ಟಿದ್ದು ನಾಳೆ ಮರೆತುಬಿಡ್ತಾನೆ. ಏನು ಮಾಡೋದು?

ಮತ್ತೆ ಹೇಳಿ, ಆದರೆ ಒಂದೇ ಸಲಕ್ಕೆ ಅರ್ಧ ಗಂಟೆ ಅಲ್ಲ. ಇವತ್ತು ಐದು ನಿಮಿಷ, ನಾಳಿದ್ದು ಐದು ನಿಮಿಷ, ಮುಂದಿನ ವಾರ ಇನ್ನೊಮ್ಮೆ. ಮಗು ಅದೇ ಕಥೆ ಬೇಕು ಅಂತ ಹಟ ಹಿಡಿಯುವುದು ಇದಕ್ಕೇ. ಬೇಸರ ಮಾಡಿಕೊಳ್ಳದೆ ಹೇಳಿ, ನಡುವೆ ನಿಲ್ಲಿಸಿ "ಆಮೇಲೆ?" ಅನ್ನಿ. ನೆನಪಿನಿಂದ ಹೊರತೆಗೆಯುವಾಗಲೇ ವಿಷಯ ಗಟ್ಟಿಯಾಗುತ್ತದೆ. ನಿದ್ದೆ ಕೂಡ ಮುಖ್ಯ. ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಗ್ಗೆ ಏಳಕ್ಕೆ ವ್ಯಾನ್ ಹತ್ತುವ ಮಗುವಿಗೆ ಮರೆವು ಬರದೆ ಇನ್ನೇನು?

## ಶಾಲೆಯ ವಿಷಯ

ಮಾಂಟೆಸರಿ, ಪ್ಲೇ-ವೇ, ಅಂಗನವಾಡಿ... ಯಾವುದು ಒಳ್ಳೇದು?

ಬೋರ್ಡಿನ ಹೆಸರು ನೋಡಿ ಹೇಳುವುದು ಕಷ್ಟ. ಮರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನ ಬಡ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದರು. 1939ರಲ್ಲಿ ಭಾರತಕ್ಕೆ ಬಂದು, ಯುದ್ಧದ ವರ್ಷಗಳನ್ನೆಲ್ಲ ಇಲ್ಲೇ ಕಳೆದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆದರೆ ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಬೋರ್ಡಿನಲ್ಲಿ ಮಾಂಟೆಸರಿ, ಒಳಗೆ ಡೆಸ್ಕಿನ ಸಾಲು, ಕೈಯಲ್ಲಿ ಕಾಪಿ ಪುಸ್ತಕ ಇರುವ ಶಾಲೆಗಳು ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟಿವೆ.

ನಮ್ಮದೇ ನಲಿ-ಕಲಿಯನ್ನು ಬೆಂಗಳೂರಿನ ಅಪ್ಪ-ಅಮ್ಮಂದಿರು ಗಮನಿಸುವುದೇ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ಕಲಿಕೆಯ ಏಣಿಯಲ್ಲಿ ತಮ್ಮ ಮೆಟ್ಟಿಲಿನ ಕಾರ್ಡ್ ತೆಗೆದುಕೊಂಡು ತಮ್ಮ ವೇಗದಲ್ಲಿ ಮುಂದೆ ಹೋಗುತ್ತಾರೆ. ಮಗು ಒಂದು ವಾರ ಜ್ವರ ಬಂದು ಮಲಗಿದರೆ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು. ಎಲ್ಲರೂ ಒಂದೇ ವೇಗದಲ್ಲಿ ಕಲಿಯಬೇಕಿಲ್ಲ ಅನ್ನುವುದನ್ನು ಇಷ್ಟು ಸರಳವಾಗಿ ಜಾರಿಗೆ ತಂದ ಪದ್ಧತಿ ಇದು.

ಶಾಲೆ ನೋಡಲು ಹೋದಾಗ ಗೋಡೆಯ ಬಣ್ಣ ಬಿಡಿ. ಟೀಚರ್ ಮಗುವಿನ ಎತ್ತರಕ್ಕೆ ಬಗ್ಗಿ ಮಾತಾಡುತ್ತಾರಾ? ಆಟದ ಸಾಮಾನು ಮಕ್ಕಳ ಕೈಗೆ ಸಿಗುವ ಹಾಗಿದೆಯಾ, ಮೇಲಿನ ಶೆಲ್ಫಿನಲ್ಲಿ ಹೊಸದಾಗಿಯೇ ಉಳಿದಿದೆಯಾ? ಗೋಡೆಯ ಮೇಲಿರುವ ಚಿತ್ರಗಳು ಒಂದೊಂದೂ ಬೇರೆಬೇರೆಯಾಗಿವೆಯಾ? ಚಿತ್ರಗಳು ಬೇರೆಬೇರೆ ಇದ್ದರೆ ಮಕ್ಕಳೇ ಬಿಡಿಸಿದ್ದಾರೆ ಅಂತ ಅರ್ಥ.

ಎಲ್‌ಕೆಜಿಯಲ್ಲೇ ಬರೀಬೇಕು ಅಂತಾರೆ. ಮಗಳು ಪೆನ್ಸಿಲ್ ಹಿಡಿಯಲ್ಲ ಅಂತ ಹಟ ಮಾಡ್ತಾಳೆ.

ಕೈ ಇನ್ನೂ ತಯಾರಾಗಿಲ್ಲ. ನಾಲ್ಕು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಪೂರ್ತಿ ಬಲಿತಿರುವುದಿಲ್ಲ. ಬರೆಯುವುದಕ್ಕೆ ಮುಂಚೆ ಭುಜ, ಅಂಗೈ, ಬೆರಳು ಈ ಕ್ರಮದಲ್ಲಿ ಶಕ್ತಿ ಬರಬೇಕು. ಚಪಾತಿ ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದು, ಬಾಗಿಲ ಮುಂದೆ ಸೀಮೆಸುಣ್ಣದಲ್ಲಿ ದೊಡ್ಡ ಗೆರೆ ಎಳೆಯುವುದು, ಚನ್ನಪಟ್ಟಣದ ಬುಗುರಿ ತಿರುಗಿಸುವುದು, ಎಲ್ಲವೂ ಬರವಣಿಗೆಯ ತಯಾರಿ. ಎಡಗೈ ಬಳಸುವ ಮಗುವಾದರೆ ದಯವಿಟ್ಟು ಬದಲಾಯಿಸಬೇಡಿ. ಊಟದ ಕೈ ಯಾವುದು ಅನ್ನುವ ಜಗಳವನ್ನು ಪೆನ್ಸಿಲ್‌ವರೆಗೆ ತರಬೇಡಿ.

ಟೀಚರ್ ಜೊತೆ ಮಾತಾಡುವಾಗ ನಿಮ್ಮ ಕೈಯಲ್ಲಿ ಒಂದು ಆಧಾರ ಇರಲಿ. 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿವರೆಗೆ ಹೋಮ್‌ವರ್ಕ್ ಕೊಡುವ ಹಾಗಿಲ್ಲ.

ಇಂಗ್ಲಿಷ್ ಅಕ್ಷರ ಬೇಗ ಬಂತು, ಕನ್ನಡ ಮಾತ್ರ ನಿಧಾನ. ನನ್ನ ಮಗುವಿಗೆ ಕನ್ನಡ ಒಗ್ಗಲ್ವಾ?

ಒಗ್ಗುತ್ತದೆ, ಸಮಯ ಬೇಕು. ಇಂಗ್ಲಿಷ್‌ನಲ್ಲಿ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49, ಅದರ ಮೇಲೆ ಕಾಗುಣಿತದ ನಾನೂರಕ್ಕೂ ಹೆಚ್ಚು ರೂಪಗಳು, ಆಮೇಲೆ ಒತ್ತಕ್ಷರ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಕ್ಷರ ಕಲಿಕೆ ನಾಲ್ಕನೇ ತರಗತಿವರೆಗೆ ಮುಂದುವರಿಯುವುದು ಕಂಡಿದೆ. ಯುಕೆಜಿ ಮಗುವಿಗೆ 'ಕ್ಷ', 'ತ್ರ' ಬರಲಿಲ್ಲ ಅಂತ ಗದರಿದರೆ ಏನೂ ಸಿಗುವುದಿಲ್ಲ. ಅನುಕೂಲವೂ ಇದೆ. ಕನ್ನಡದಲ್ಲಿ ಹೆಚ್ಚುಕಡಿಮೆ ಬರೆದ ಹಾಗೇ ಓದುತ್ತೇವೆ. ಹಾಗಾಗಿ ಅಕ್ಷರ ಹಿಡಿತಕ್ಕೆ ಬಂದ ಮೇಲೆ ಹೊಸ ಪದ ಕಂಡರೂ ಓದಬಹುದು.

'ಅ'ದಿಂದಲೇ ಶುರು ಮಾಡಬೇಕಿಲ್ಲ. ಮಗುವಿನ ಹೆಸರಿನ ಅಕ್ಷರಗಳಿಂದ, ಬಿಎಂಟಿಸಿ ಬಸ್ಸಿನ ಬೋರ್ಡಿನಿಂದ, ನಂದಿನಿ ಹಾಲಿನ ಪ್ಯಾಕೆಟ್‌ನಿಂದ ಶುರು ಮಾಡಿ. 'ನ' ಎಲ್ಲೆಲ್ಲಿದೆ ಅಂತ ಹುಡುಕುವ ಆಟ ಮೆಜೆಸ್ಟಿಕ್ ತಲುಪುವವರೆಗೂ ನಡೆಯುತ್ತದೆ.

## ಇನ್ನೂ ಸ್ವಲ್ಪ ಆಳಕ್ಕೆ

ಇದು ಅವನ ಕಲಿಯೋ ರೀತೀನಾ, ಇಲ್ಲ ಏನಾದ್ರೂ ತೊಂದರೆನಾ? ಹೇಗೆ ಗೊತ್ತಾಗೋದು?

ಈ ಪ್ರಶ್ನೆ ಕೇಳಲು ಸಂಕೋಚ ಬೇಡ. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ "ಹಾಲು ಬೇಕು" ಥರದ ಎರಡು ಪದ ಜೋಡಿಸದಿದ್ದರೆ ತೋರಿಸಿ. ಬಂದಿದ್ದ ಮಾತು ಹೋಗಿಬಿಟ್ಟರಂತೂ ಯಾವ ವಯಸ್ಸಾದರೂ ತಕ್ಷಣ ತೋರಿಸಿ. "ಅವರಪ್ಪನೂ ಲೇಟಾಗಿ ಮಾತಾಡಿದ್ದು" ಅಂತ ಕಾಯುವುದರಲ್ಲಿ ಕೈತಪ್ಪುವ ತಿಂಗಳುಗಳು ಬಹಳ ಬೆಲೆಯವು.

ಮೊದಲು ಕಿವಿ, ಕಣ್ಣು ಪರೀಕ್ಷೆ ಆಗಲಿ. ಹಟಮಾರಿ ಅನ್ನಿಸಿಕೊಂಡ ಎಷ್ಟೋ ಮಕ್ಕಳಿಗೆ ಸರಿಯಾಗಿ ಕೇಳಿಸುತ್ತಲೇ ಇರುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಓದು-ಬರಹದ ತೊಂದರೆ, ಅಂದರೆ ಡಿಸ್ಲೆಕ್ಸಿಯಾ ಥರದ್ದನ್ನು ಸಾಮಾನ್ಯವಾಗಿ ಏಳೆಂಟು ವರ್ಷದ ಸುಮಾರಿಗೆ ಖಚಿತಪಡಿಸುತ್ತಾರೆ. 'ಬ' ಉಲ್ಟಾ ಬರೆದ ಐದು ವರ್ಷದ ಮಗುವಿಗೆ ಆ ಹೆಸರು ಹಚ್ಚಬೇಡಿ. ಖಚಿತವಾದರೆ ಮುಚ್ಚಿಡಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ನಿರ್ದಿಷ್ಟ ತೊಂದರೆಯೂ ಸೇರಿದೆ.

ನಾಲ್ಕು ವರ್ಷಕ್ಕೇ ಓದ್ತಾಳೆ. ಒಂದು ಕ್ಲಾಸ್ ಮುಂದೆ ಹಾಕೋಣವಾ?

ಬೇಡ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವುದು ನಿಯಮ. 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿದ್ದರು. ನಿಯಮ ಬಿಟ್ಟು ನೋಡಿದರೂ, ಓದು ಮುಂದಿದ್ದ ಮಾತ್ರಕ್ಕೆ ಜಗಳ ಬಿಡಿಸಿಕೊಳ್ಳುವುದು, ಸೋಲು ತಡೆದುಕೊಳ್ಳುವುದು, ತಾನಾಗಿ ಟಾಯ್ಲೆಟ್‌ಗೆ ಹೋಗುವುದು ಮುಂದಿರುವುದಿಲ್ಲ. ಅವಳಿಗೆ ದೊಡ್ಡ ಪುಸ್ತಕಗಳನ್ನು ಕೊಡಿ. ತನ್ನ ವಯಸ್ಸಿನವರ ಜೊತೆಗೇ ಆಡಲಿ.

ಸರಿ, ನನ್ನ ಮಗುವಿಗೆ ಏನು ಒಗ್ಗುತ್ತೆ ಅಂತ ನಾನೇ ತಿಳಿಯೋದು ಹೇಗೆ?

ಸುಮ್ನೆ ಕೂತು ನೋಡಿ. ಪ್ರಶ್ನೆ ಕೇಳಬೇಡಿ, ತಿದ್ದಬೇಡಿ, ಫೋಟೋ ತೆಗೆಯಬೇಡಿ. ಹತ್ತು ನಿಮಿಷ ಸಾಕು. ಕಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಯಾರೂ ಹೇಳದೆ ಕೈ ಯಾವುದಕ್ಕೆ ಹೋಯಿತು? ಕಷ್ಟವಾದಾಗ ಏನು ಮಾಡಿತು: ಬಿಟ್ಟಿತಾ, ಅತ್ತಿತಾ, ಬೇರೆ ದಾರಿ ಹುಡುಕಿತಾ, ನಿಮ್ಮ ಮುಖ ನೋಡಿತಾ? ಒಬ್ಬನೇ ಇದ್ದಾಗ ಚೆನ್ನಾಗಿ ಆಡುತ್ತಾನಾ, ಜೊತೆ ಇದ್ದಾಗಲಾ? ಬೆಳಗ್ಗೆ ಚುರುಕಾ, ಸಂಜೆಯಾ? "ಜಾಣ", "ಸೋಮಾರಿ" ಥರದ ಪದ ಬರೆಯಬೇಡಿ. ಕಣ್ಣಿಗೆ ಕಂಡ ಕೆಲಸವನ್ನಷ್ಟೇ ಬರೆಯಿರಿ.

ಆಮೇಲೆ ಒಂದೇ ಒಂದು ಬದಲಾವಣೆ ಮಾಡಿ ನೋಡಿ. ಕೂಡುವ ಲೆಕ್ಕ ಪುಸ್ತಕದಲ್ಲಿ ಬರದಿದ್ದರೆ ಹುರಿಗಡಲೆ ಕೊಡಿ. ಗುಂಪಿನಲ್ಲಿ ಬಾಯಿ ಬಿಡದಿದ್ದರೆ ಒಬ್ಬ ಗೆಳತಿಯನ್ನು ಮಾತ್ರ ಮನೆಗೆ ಕರೆಯಿರಿ. ಒಗ್ಗಿದರೆ ಮುಂದುವರಿಸಿ, ಒಗ್ಗದಿದ್ದರೆ ಬಿಡಿ. ಆರು ತಿಂಗಳಲ್ಲಿ ಮಗು ಬದಲಾಗಿರುತ್ತದೆ, ಆಗ ಮತ್ತೆ ನೋಡಿ. ಪೇರೆಂಟ್ಸ್ ಮೀಟಿಂಗಿಗೆ ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. "ಎಷ್ಟು ಮಾರ್ಕ್ಸ್?" ಅನ್ನುವ ಬದಲು "ಮನೆಯಲ್ಲಿ ಹೀಗೆ ಮಾಡ್ತಾನೆ, ಇಲ್ಲಿ ಹೇಗೆ?" ಅಂತ ಕೇಳಿ. ಅವನು ನಿಮ್ಮ ಮುಂದೆ ತೋರಿಸದ ಮುಖವನ್ನು ಟೀಚರ್ ದಿನಾ ನೋಡುತ್ತಿರುತ್ತಾರೆ. ಅವರು ಹೇಳಿದ್ದನ್ನೂ ಅದೇ ಪುಟದಲ್ಲಿ ಬರೆದುಕೊಳ್ಳಿ.